ಸಂಜೆ ಆರರ ಅಳು ಮತ್ತು ಎಂಟು ಶನಿವಾರಗಳು

ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಡನೆ ಉಡುಪಿಯ ಓದುಗರೊಬ್ಬರು ಬರೆದಿರುವ ದೀರ್ಘ ಪತ್ರದ ಸಾರ ಹೀಗಿದೆ. ಪತಿ ಕೊಲ್ಲಿ ರಾಷ್ಟ್ರದಲ್ಲಿದ್ದಾರೆ. ತಾವು ಮಣಿಪಾಲದಲ್ಲಿ ಉದ್ಯೋಗದಲ್ಲಿದ್ದು, ಎರಡೂಕಾಲು ವರ್ಷದ ಮಗಳನ್ನು ಹಗಲಿಡೀ ಅತ್ತೆಯವರು ನೋಡಿಕೊಳ್ಳುತ್ತಾರೆ. ಅಜ್ಜಿಯೊಡನೆ ನಗುನಗುತ್ತಾ ಇರುವ ಮಗು ಸಂಜೆ ಆರಕ್ಕೆ ತಾಯಿ ಹೊಸ್ತಿಲು ದಾಟಿದ ಕೂಡಲೇ ಅಳಲು ತೊಡಗಿ, ರಾತ್ರಿಯ ಊಟದವರೆಗೂ ರಂಪ ಮಾಡುತ್ತದೆ. ‘ನಿನ್ನನ್ನು ಕಂಡರೆ ಅದಕ್ಕಾಗುವುದಿಲ್ಲ’ ಎಂಬ ಮಾತೂ ಮನೆಯಲ್ಲಿ ಬಂದುಹೋಗಿದೆ. ಪರಿಚಯದ ಆಪ್ತಸಮಾಲೋಚಕರೊಬ್ಬರು ಪುಟ್ಟ ಮಕ್ಕಳ ತಂದೆತಾಯಿಯರಿಗಾಗಿ ಎಂಟು ಶನಿವಾರ ಗುಂಪು ಸಭೆ ನಡೆಸುತ್ತಿದ್ದು, ತಾಯಿಮಗುವಿನ ಬಾಂಧವ್ಯವನ್ನು ಆಧರಿಸಿದ ಈ ಕ್ರಮಕ್ಕೆ ಸೇರಿಕೊಳ್ಳಿ ಎಂದಿದ್ದಾರೆ. ಅತ್ತೆಯವರು ಮಾತ್ರ, ‘ಮಕ್ಕಳನ್ನು ಸಾಕಲಿಕ್ಕೂ ಕ್ಲಾಸಾ? ನಾವು ಐದು ಮಕ್ಕಳನ್ನು ಸಾಕಿದ್ದು ಯಾವ ಕ್ಲಾಸಿಗೆ ಹೋಗಿ?’ ಎಂದು ಕೇಳಿದ್ದಾರೆ. ಇದು ಪರದೇಶದ ಗೀಳೇ, ಇದರಿಂದ ಏನಾದರೂ ಪ್ರಯೋಜನವುಂಟೇ ಎಂಬುದು ಪತ್ರದ ಪ್ರಶ್ನೆ.

ಸಹೋದರಿ, ಮೊದಲು ಆ ಸಂಜೆಯ ಅಳುವಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಿಮ್ಮ ನಿದ್ದೆಗೆಡಿಸಿರುವುದು ಗುಂಪಿಗಿಂತ ಹೆಚ್ಚಾಗಿ ಅದೇ ಎಂದು ಪತ್ರ ಓದಿದಾಗ ನನಗನ್ನಿಸಿತು. ಎರಡು ವರ್ಷದ ಮಗು ತನ್ನ ದಿನದ ಹಸಿವು, ಬೇಸರ, ಕಾಯುವಿಕೆಗಳನ್ನೆಲ್ಲ ಹೇಗೋ ಹಿಡಿದಿಟ್ಟುಕೊಂಡಿದ್ದು, ಇಳಿಸಿದರೂ ಬೈಗುಳ ಸಿಗದು ಎಂಬ ಭರವಸೆಯಿರುವ ಕಡೆಯಲ್ಲಿ ಅದನ್ನು ಇಳಿಸುತ್ತದೆ. ಇದು ಸಾಮಾನ್ಯವಾಗಿ ಕಂಡುಬರುವ ಸಂಗತಿ. ನಿಮ್ಮ ಮುಖ ಕಂಡೊಡನೆ ಅಳು ಒಡೆಯುತ್ತದೆಂದರೆ, ಆ ಭರವಸೆ ನಿಮ್ಮಲ್ಲಿದೆ ಎಂದೇ ಓದಿಕೊಳ್ಳುವುದು ಹೆಚ್ಚು ಸರಿ. ಅಜ್ಜಿಯ ಬಳಿ ಅದು ಸುಖವಾಗಿರುವುದು ನಿಮ್ಮಿಂದ ಕಸಿದುಕೊಂಡ ಪ್ರೀತಿಯೂ ಅಲ್ಲ. ಒಂದು ಮಗು ಇಬ್ಬರು ಮೂವರೊಡನೆ ಗಟ್ಟಿಯಾದ ನಂಟನ್ನು ಬೆಳೆಸಿಕೊಳ್ಳಬಲ್ಲದು. ಹೆಣ್ಣಿನ ಕಡೆಯಿಂದ ಕುಟುಂಬವನ್ನು ಎಣಿಸುತ್ತಿದ್ದ, ಅಜ್ಜಿ, ಚಿಕ್ಕಮ್ಮ, ಸೋದರಮಾವಂದಿರ ತೊಡೆಯ ಮೇಲೆ ಮಕ್ಕಳು ಬೆಳೆಯುತ್ತಿದ್ದ ಅಳಿಯಸಂತಾನದ ಮನೆಗಳನ್ನು ಕಂಡ ನಮ್ಮ ಜಿಲ್ಲೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗು ತನ್ನನ್ನು ನೋಡಿಕೊಳ್ಳುವವರೊಡನೆ ಬೆಳೆಸಿಕೊಳ್ಳುವ ನಂಟಿಗೆ ಇಂಗ್ಲಿಷಿನಲ್ಲಿ ‘ಅಟ್ಯಾಚ್‌ಮೆಂಟ್’ ಎನ್ನುತ್ತಾರೆ; ಬಾಂಧವ್ಯ ಎಂದು ನಾವು ಅನುವಾದಿಸುವ ಈ ಪರಿಕಲ್ಪನೆಯನ್ನು ಕಟ್ಟಿದವರು ಲಂಡನ್ನಿನ ಮನೋವೈದ್ಯ ಜಾನ್ ಬೌಲ್ಬಿ. (ಕನ್ನಡದಲ್ಲಿ ‘ಅಂಟುನಂಟು’ ಎಂಬ ಒಳ್ಳೆಯ ಜೋಡುಪದವೇ ಇದೆ, ತಜ್ಞರು ಅದನ್ನು ಏಕೆ ಬಳಸುವುದಿಲ್ಲವೋ ತಿಳಿಯದು.) ಅವರೊಡನೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್, ಮನೆಮನೆಗೆ ಹೋಗಿ ತಾಯಿಮಕ್ಕಳನ್ನು ಮೊದಲು ಗಮನಿಸಿದ್ದು ಲಂಡನ್ನಿನಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ, 1954–55ರಲ್ಲಿ ಉಗಾಂಡದ ಕಂಪಾಲಾ ಸುತ್ತಲಿನ ಹಳ್ಳಿಗಳಲ್ಲಿ, 26 ಕುಟುಂಬಗಳಲ್ಲಿ. ತಾಯಂದಿರು ಹೊಲಕ್ಕೆ ಹೋದಾಗ ಮಕ್ಕಳನ್ನು ಬೇರೆಯವರು ಎತ್ತಿಕೊಳ್ಳುತ್ತಿದ್ದ ಮನೆಗಳವು. ನಿಮ್ಮ ಅತ್ತೆಯವರು ‘ಪರದೇಶದ್ದು’ ಎನ್ನುವಾಗ ಈ ಮಾಹಿತಿಯನ್ನು ಅವರಿಗೆ ಕೊಡಬಹುದು.

ಉಗಾಂಡದಲ್ಲಿ ಐನ್ಸ್‌ವರ್ತ್ ಕಂಡದ್ದನ್ನು ಕಳೆದ ಆಟಿ ತಿಂಗಳಲ್ಲಿ ನಾನು ನಮ್ಮ ಮನೆಯ ಜಗಲಿಯಲ್ಲೇ ಕಂಡೆ. ಮಳೆ ಸ್ವಲ್ಪ ಬಿಟ್ಟಿತ್ತು. ಸೊಸೆ ಪತ್ರೊಡೆಗೆಂದು ಕೆಸುವಿನ ಎಲೆಯ ದಂಟು ಕೀಳುತ್ತಾ ಕುಳಿತಿದ್ದಳು. ಮೊಮ್ಮಗ ಅವಳ ಮೊಣಕಾಲಿನ ಮೇಲೆ ಒಂದು ಕೈಯಿಟ್ಟು ನಿಂತಿದ್ದ. ಅಂಗಳದ ನೀರಿನಲ್ಲಿ ಒಂದು ಏಡಿ ಅಡ್ಡಡ್ಡ ಹೋಯಿತು. ಅವನು ಕೈ ಬಿಟ್ಟು ಜಗಲಿಯ ಅಂಚಿನವರೆಗೆ ಹೋದ, ತಿರುಗಿ ನೋಡಿದ. ಅವಳು ‘ಹೂಂ’ ಎಂದಳು. ಒಂದು ಮೆಟ್ಟಿಲು ಇಳಿದ. ಏಡಿ ಕೊಂಬು ಎತ್ತಿತು. ಅವನು ಓಡಿ ಬಂದು ಎಲೆಯ ರಾಶಿಯ ಮೇಲೇ ಬಿದ್ದು ಅವಳ ಸೆರಗಿನಲ್ಲಿ ಮುಖ ಹುದುಗಿಸಿದ. ಒಂದು ನಿಮಿಷವೂ ಆಗಿರಲಿಲ್ಲ, ಮತ್ತೆ ಏಡಿಯ ಕಡೆಗೆ ಹೊರಟಿದ್ದ. ಹೋಗುವುದಕ್ಕೂ ಬರುವುದಕ್ಕೂ ಅದೇ ತಾಯಿ ಬೇಕು. ಹೋಗುವಾಗ ‘ಜಾಗ್ರತೆ, ಬೀಳ್ತಿ’ ಎಂದು ಹಿಡಿದೆಳೆಯುವವರಿಗೆ ಅರ್ಧ ಕೆಲಸ, ಬರುವಾಗ ‘ಗಂಡು ಹುಡುಗ ಹೆದರುವುದಾ’ ಎಂದು ನಗುವವರಿಗೆ ಉಳಿದರ್ಧ ಕೆಲಸ ಬರುವುದಿಲ್ಲ. ನಾನು ನನ್ನ ಮಕ್ಕಳ ವಿಷಯದಲ್ಲಿ ಎರಡನೆಯ ಗುಂಪಿನವನಾಗಿದ್ದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಎಂಬ ಊರಿನ ಚಿಕಿತ್ಸಕರು ಈ ಹೋಗಿಬರುವಿಕೆಯನ್ನೇ ಒಂದು ವೃತ್ತದ ಚಿತ್ರವಾಗಿ ಬರೆದು, ಅದರ ಒಂದು ಪಕ್ಕದಲ್ಲಿ ಎರಡು ಕೈಗಳನ್ನಿಟ್ಟು, ‘ಸರ್ಕಲ್ ಆಫ್ ಸೆಕ್ಯುರಿಟಿ’ ಎಂಬ ಗುಂಪು ಕ್ರಮವನ್ನು ರೂಪಿಸಿದರು. ಅದರ ಮೂಲ ರೂಪ 20 ವಾರಗಳದ್ದು. ಪ್ರತಿ ತಾಯಿ ತನ್ನ ಮಗುವಿನೊಡನಿರುವ ವಿಡಿಯೋವನ್ನು ಗುಂಪಿನಲ್ಲಿ ಕುಳಿತು ನೋಡಬೇಕಿತ್ತು. ಮುಂದೆ ಬಂದ ಎಂಟು ಅಧ್ಯಾಯಗಳ ಚಿಕ್ಕ ರೂಪದಲ್ಲಿ ಮೊದಲೇ ಸಿದ್ಧಪಡಿಸಿದ ಬೇರೆ ಕುಟುಂಬಗಳ ದೃಶ್ಯಗಳಿರುತ್ತವೆ. ನಿಮ್ಮ ಎಂಟು ಶನಿವಾರಗಳು ಇದೇ ಇರಬಹುದು, ಬೇರೆಯದೂ ಇರಬಹುದು, ವಿಚಾರಿಸಿ.

ಆ ಕ್ರಮದಲ್ಲಿ ಕಡಲ ಕರೆಯ ನಮಗೆ ಕೂಡಲೇ ತಾಗುವ ಒಂದು ಪಾಠವಿದೆ. ಸಮುದ್ರದ ಕಡೆಗೆ ಸಾಗುವ ದಾರಿಯ ಒಂದೇ ದೃಶ್ಯವನ್ನು ಎರಡು ಸಲ ತೋರಿಸುತ್ತಾರೆ: ಮೊದಲ ಸಲ ಹಿತವಾದ ಸಂಗೀತದೊಡನೆ, ಎರಡನೆಯ ಸಲ ನೀರಿನಡಿಯಿಂದ ಶಾರ್ಕ್ ಬಂದೀತೆಂಬ ಅಂಜಿಕೆ ಹುಟ್ಟಿಸುವ ಸಂಗೀತದೊಡನೆ. ನೀರು ಅದೇ, ದಾರಿ ಅದೇ, ಎದೆ ಮಾತ್ರ ಡವಗುಟ್ಟುತ್ತದೆ. ಮಗು ಅತ್ತಾಗ ನಮ್ಮೊಳಗೆ ನುಡಿಯುವುದು ಆ ಎರಡನೆಯ ಸಂಗೀತವೇ ಹೌದೋ, ಅದನ್ನು ನಮಗೆ ಕಲಿಸಿದವರು ಯಾರು ಎಂಬುದನ್ನು ಗುರುತಿಸುವುದೇ ಗುಂಪಿನ ಮುಖ್ಯ ಕೆಲಸ. ನಿಮ್ಮ ಸಂಜೆಗಳ ವಿಷಯದಲ್ಲಿ, ಮಗುವಿನ ಅಳುವಿನ ಜೊತೆಗೆ ‘ನಾನು ಕೆಟ್ಟ ತಾಯಿ’ ಎಂಬ ಪಲ್ಲವಿಯೂ ಕೇಳಿಸುತ್ತಿರುವುದು ನಿಮ್ಮ ಪತ್ರದ ಸಾಲುಸಾಲಿನಲ್ಲಿ ಕಾಣುತ್ತದೆ. ಆ ಪಲ್ಲವಿ ಜೋರಾದಷ್ಟೂ ಮಗುವಿನ ಅಳು ಕಿವಿಗೆ ಬೀಳುವುದು ಕಡಿಮೆ.

ಇದು ಒಬ್ಬರೇ ಪುಸ್ತಕ ಓದಿ ಮಾಡಬಹುದಾದದ್ದಲ್ಲವೇ ಎಂದು ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು. ಆದರೆ ‘ನಿನ್ನೆ ಮಗುವಿಗೆ ಹೊಡೆದೆ, ಆಮೇಲೆ ಬಚ್ಚಲಲ್ಲಿ ನಿಂತು ಅತ್ತೆ’ ಎಂದು ಇನ್ನೊಬ್ಬ ತಾಯಿ ಹೇಳುವುದನ್ನು ಕೇಳಿದಾಗ ಆಗುವ ಹಗುರ ಪುಸ್ತಕದಿಂದ ಆಗದು. ಮೊದಲು ಬಾಣಂತನಕ್ಕೆ ತವರಿಗೆ ಹೋದವಳ ಸುತ್ತ ಇಂಥ ಮಾತು ತಾನಾಗಿ ಹುಟ್ಟುತ್ತಿತ್ತು. ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವಾಕೆಯ ಕಿವಿಗೆ ಎಷ್ಟು ಗುಟ್ಟು ಬೀಳುತ್ತಿತ್ತೋ! ಹಳೆಯದನ್ನು ಹೊಗಳಿ ಸುಮ್ಮನಿರಲೂ ನಾನು ಸಿದ್ಧನಿಲ್ಲ. ಆ ಜಗಲಿಯಲ್ಲಿ ಕಿವಿಯಷ್ಟೇ ತೀರ್ಪೂ ಇರುತ್ತಿತ್ತು, ಮತ್ತು ಆ ತೀರ್ಪು ಮರುದಿನ ನೆಂಟರ ಮನೆ ಮುಟ್ಟುತ್ತಿತ್ತು.

ಆದ್ದರಿಂದ ಸೇರುವ ಮೊದಲು ಗುಟ್ಟಿನ ವಿಷಯವನ್ನು ಖಡಾಖಂಡಿತವಾಗಿ ಕೇಳಿ. ಉಡುಪಿಯಂಥ ಊರಿನಲ್ಲಿ ಹತ್ತು ಜನ ಸೇರಿದರೆ ಇಬ್ಬರು ನಿಮ್ಮ ಪತಿಯ ದೂರದ ಸಂಬಂಧಿಗಳಾಗಿರುತ್ತಾರೆ. ಅಲ್ಲಿ ಆಡಿದ್ದು ಅಲ್ಲೇ ಉಳಿಯಬೇಕೆಂಬ ನಿಯಮ ಇದೆಯೇ, ನಿಮ್ಮ ಮಗುವಿನ ವಿಡಿಯೋ ತೆಗೆಯುವುದಾದರೆ ಅದು ಯಾರ ಮೊಬೈಲಿನಲ್ಲಿ ಇರುತ್ತದೆ, ಯಾವಾಗ ಅಳಿಸುತ್ತಾರೆ, ನಡೆಸುವವರಿಗೆ ಯಾವ ತರಬೇತಿಯಾಗಿದೆ ಎಂಬುದಕ್ಕೆ ನೇರ ಉತ್ತರ ಸಿಗದಿದ್ದರೆ ಬೇಡವೆನ್ನಿ. ಮೊದಲ ದಿನವೇ ನಿಮ್ಮ ಮಗುವಿಗೆ ‘ಅಭದ್ರ ಬಾಂಧವ್ಯ’ ಎಂದು ಚೀಟಿ ಅಂಟಿಸುವವರಿಂದಲೂ, ಮಗುವನ್ನು ಸದಾ ಮೈಗೆ ಕಟ್ಟಿಕೊಂಡೇ ಇರಬೇಕು, ಕೆಲಸ ಬಿಡಬೇಕು ಎಂದು ಉಪದೇಶಿಸುವವರಿಂದಲೂ ದೂರವಿರಿ. ಬೌಲ್ಬಿ, ಐನ್ಸ್‌ವರ್ತ್‌ರ ಕೆಲಸಕ್ಕೂ ‘ಅಟ್ಯಾಚ್‌ಮೆಂಟ್ ಪೇರೆಂಟಿಂಗ್’ ಎಂಬ ಈ ಉಪದೇಶಕ್ಕೂ ಹೆಸರಿನ ಸಾಮ್ಯವೇ ಹೆಚ್ಚು.

ಪ್ರಯೋಜನದ ಬಗ್ಗೆ ಉತ್ಪ್ರೇಕ್ಷೆ ಬೇಡ. 20 ವಾರಗಳ ಮೂಲ ಕ್ರಮದ ಕುರಿತು 2006ರಲ್ಲಿ ಪ್ರಕಟವಾದ, 65 ಮಕ್ಕಳ ಅಧ್ಯಯನ ಆಶಾದಾಯಕವಾಗಿತ್ತು. ಆದರೆ ಅದರಲ್ಲಿ ಹೋಲಿಸಿ ನೋಡಲು ಗುಂಪಿಗೆ ಸೇರದ ಕುಟುಂಬಗಳಿರಲಿಲ್ಲ. ಎಂಟು ಅಧ್ಯಾಯಗಳ ಕ್ರಮವನ್ನು 141 ತಾಯಂದಿರಲ್ಲಿ ಹೋಲಿಕೆಯ ಗುಂಪಿಟ್ಟು ಪರೀಕ್ಷಿಸಿದ 2017ರ ಅಧ್ಯಯನದಲ್ಲಿ, ಒಟ್ಟಾರೆಯಾಗಿ ಮಕ್ಕಳ ಬಾಂಧವ್ಯದಲ್ಲಾಗಲಿ ನಡವಳಿಕೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಆದರೂ ಮಗು ಸಂಕಟದಲ್ಲಿದ್ದಾಗ ತಾಯಂದಿರು ಗದರಿಸುವುದು, ತಳ್ಳಿಹಾಕುವುದು ಕಡಿಮೆಯಾಗಿತ್ತು. ನನ್ನ ದೃಷ್ಟಿಯಲ್ಲಿ ಅದು ಸಣ್ಣ ಲಾಭವಲ್ಲ, ಆದರೆ ಎಂಟು ವಾರದಲ್ಲಿ ಮಗು ಬೇರೆಯೇ ಆದೀತೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಗುಂಪು ಆರಂಭವಾಗುವವರೆಗೆ ಒಂದು ಕೆಲಸ ಮಾಡಿ ನೋಡಬಹುದು. ಮನೆಗೆ ಬಂದವರು ಬ್ಯಾಗು ಇಟ್ಟು, ಕೈಕಾಲು ತೊಳೆದು, ಅಡುಗೆಮನೆಗೆ ಹೋಗುವ ಮೊದಲು ಹತ್ತು ನಿಮಿಷ ನೆಲದ ಮೇಲೆ ಸುಮ್ಮನೆ ಕುಳಿತುಕೊಳ್ಳಿ. ಅಳು ನಿಲ್ಲಿಸಲು ಬಿಸ್ಕತ್ತನ್ನೂ ಮೊಬೈಲನ್ನೂ ಹುಡುಕಬೇಡಿ. ‘ತುಂಬ ಹೊತ್ತು ಕಾದೆಯಾ’ ಎಂದು ಕೇಳಿ. ಒಂದು ದಿನ ಸಿಟ್ಟು ಬಂದು ಗದರಿಸಿದರೆ ಆಮೇಲೆ ಎತ್ತಿಕೊಂಡು ಸರಿಪಡಿಸಿಕೊಳ್ಳಿ. ತಾಯಿ ಮತ್ತು ಕೂಸು ಮುಖಾಮುಖಿಯಾಗಿ ಆಡುವಾಗಲೂ ಹೆಚ್ಚು ಹೊತ್ತು ತಾಳ ತಪ್ಪಿಯೇ ಇರುತ್ತಾರೆ, ತಪ್ಪಿದ್ದನ್ನು ಮತ್ತೆ ಕೂಡಿಸಿಕೊಳ್ಳುವುದೇ ಮುಖ್ಯ ಎಂಬುದು ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರ ಸಂಶೋಧನೆಯ ತಿರುಳು. ಭಾಗವತರೂ ಮದ್ದಳೆಯವರೂ ಇದನ್ನು ಒಪ್ಪಿಯಾರು. ಇವೆಲ್ಲದರ ನಡುವೆ ನಿಮಗೇ ವಾರಗಟ್ಟಲೆ ನಿದ್ದೆಯಿಲ್ಲದೆ, ಬದುಕೇ ಬೇಡವೆನ್ನಿಸಿದರೆ ಶನಿವಾರದವರೆಗೆ ಕಾಯದೆ ವೈದ್ಯರನ್ನು ಕಾಣಿ; ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತವಾಗಿ ಸಿಗುತ್ತದೆ.

ಅತ್ತೆಯವರ ಪ್ರಶ್ನೆ ಉಳಿಯಿತು. ಅವರನ್ನು ವಾದದಲ್ಲಿ ಗೆಲ್ಲುವ ಬದಲು, ಅಜ್ಜಿಯಂದಿರೂ ಬರಬಹುದೇ ಎಂದು ನಡೆಸುವವರನ್ನು ಕೇಳಿ, ಒಂದು ಶನಿವಾರ ಅವರನ್ನೇ ಕರೆದುಕೊಂಡು ಹೋಗಿ. ನಿಮ್ಮ ಮಗುವಿನ ಹಗಲು ಇರುವುದು ಅವರ ಕೈಯಲ್ಲಿ ತಾನೇ. ಐದು ಮಕ್ಕಳನ್ನು ಸಾಕಿದವರ ಬಳಿ ಗುಂಪಿಗೆ ಹೇಳಲು ಏನೂ ಇಲ್ಲದಿರದು. ಎಂಟು ವಾರಗಳ ನಂತರ ನೀವು ಮತ್ತೆ ಬರೆದರೆ ಇದೇ ಅಂಕಣದಲ್ಲಿ ಹೆಸರಿಲ್ಲದೆ ಪ್ರಕಟಿಸುತ್ತೇವೆ. ಅತ್ತೆಯವರು ಬೇರೆಯಾಗಿ ಬರೆದರೆ ಅದನ್ನೂ.

— ಸಂಪಾದಕ, ಮಂಗಳೂರು