ಇಳಿಜಾರಿನ ಅಂಗಳಕ್ಕೆ ಕೇಪಳ

ಗೋವಾದ ಮಡಗಾಂವಿನ ಸಮೀಪದ ನಿಮ್ಮ ಹೊಸ ಮನೆಯ ಮುಂದಿನ ಇಳಿಜಾರಿನಲ್ಲಿ ಹಾಕಿಸಿದ ಹುಲ್ಲುಹಾಸು ಒಂದೇ ಮಳೆಗಾಲಕ್ಕೆ ಕೊಚ್ಚಿಹೋಯಿತೆಂದೂ, ಅದರ ಬದಲು ಕುಳ್ಳಗೆ ಬೆಳೆದು ನೆಲ ಮುಚ್ಚುವ, ಹಣ್ಣನ್ನೂ ಬಿಡುವ, ಈ ನೆಲದ್ದೇ ಆದ ಪೊದೆ ಯಾವುದೆಂದೂ ಕೇಳಿದ್ದೀರಿ. ನನ್ನ ಉತ್ತರ ಕೇಪಳ. ಗುಡ್ಡೆದಾಸವಾಳವೆಂದೂ ಇದನ್ನು ಕರೆಯುತ್ತಾರೆ. ಕುಮಟೆಯ ಕಡೆಯಿಂದ ಬಂದು ಫೋಂಡಾದಲ್ಲಿ ನೆಲೆಸಿರುವ ನಾನು ಆರು ವರ್ಷಗಳಿಂದ ನಮ್ಮ ಮನೆಯ ಇಳಿಜಾರಿನಲ್ಲಿ ಇದನ್ನೇ ಬೆಳೆಸುತ್ತಿದ್ದೇನೆ.

ನರ್ಸರಿಯಲ್ಲಿ ಇದರ ವೈಜ್ಞಾನಿಕ ಹೆಸರಾದ ಇಕ್ಸೋರಾ ಕಾಕ್ಸಿನಿಯಾ ಎಂದು ಕೇಳಿ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಬಳಸಿದ ಈ ಹೆಸರಿನ ‘ಇಕ್ಸೋರಾ’ ನಮ್ಮ ಈಶ್ವರನೇ: ಪೋರ್ಚುಗೀಸರ ಬರವಣಿಗೆಯಲ್ಲಿ ‘ಎಕ್ಸ್’ ಅಕ್ಷರಕ್ಕೆ ಶಕಾರದ ಉಚ್ಚಾರವಿದೆ, ಹಾಗಾಗಿ ಅದನ್ನು ‘ಇಶೋರಾ’ ಎಂದೇ ಓದಬೇಕು; ರೋಮನ್ ಲಿಪಿಯ ಕೊಂಕಣಿ ಫಲಕಗಳನ್ನು ದಿನವೂ ನೋಡುವ ನಿಮಗೆ ಇದು ಗೊತ್ತಿರಬಹುದು. ಕುಂಡದಲ್ಲಿಟ್ಟು ಮಾರುವ, ಪುಟ್ಟ ಎಲೆಯ ಕುಬ್ಜ ಮಿಶ್ರತಳಿಗಳನ್ನು ಮಾತ್ರ ಕೊಳ್ಳಬೇಡಿ. ಅವು ಮೈತುಂಬ ಹೂ ಬಿಡುತ್ತವೆಯಾದರೂ ನಮ್ಮಲ್ಲಿ ಒಂದು ಹಣ್ಣನ್ನೂ ಕೊಡಲಿಲ್ಲ.

ಕೇಪಳ ತಾನಾಗಿ ನೆಲದ ಮೇಲೆ ಹರಡುವ ಬಳ್ಳಿಯಲ್ಲ. ಹಾಗೇ ಬಿಟ್ಟರೆ ಆಳೆತ್ತರಕ್ಕೆ ಹೋಗುತ್ತದೆ. ಆದ್ದರಿಂದ ಜೂನ್ ತಿಂಗಳ ಮಳೆ ಹಿಡಿದ ಕೂಡಲೇ ಎರಡಡಿಗೊಂದರಂತೆ ಗಿಡಗಳನ್ನು ನೆಟ್ಟು, ತುದಿಗಳನ್ನು ಚಿವುಟಿ, ಬುಡದಿಂದ ಅಡ್ಡಕ್ಕೆ ಹೊರಟ ಕೊಂಬೆಗಳನ್ನು ಬಗ್ಗಿಸಿ, ಗಂಟಿನ ಬಳಿ ತೊಗಟೆಯನ್ನು ತುಸು ಕೆರೆದು, ಒಂದು ಹಿಡಿ ಮಣ್ಣು ಮುಚ್ಚಿ ಮೇಲೊಂದು ಕಲ್ಲು ಹೇರಬೇಕು. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ಬೇರು ಇಳಿದಿರುತ್ತದೆ. ಹೀಗೆ ಕೊಂಬೆಯಿಂದ ಕೊಂಬೆಗೆ ಬೇರೂರಿದ ಮೇಲೆಯೇ ನಮ್ಮ ಇಳಿಜಾರಿನ ಕೆಮ್ಮಣ್ಣು ಗೇಟಿನ ಕಡೆಗೆ ಹರಿಯುವುದು ನಿಂತಿತು. ನೆಲ ಪೂರ್ತಿ ಮುಚ್ಚಲು ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೆ ಗಿಡಗಳ ನಡುವೆ ದರಕು, ಅಂದರೆ ಒಣ ಎಲೆ ಹಾಸಿದ್ದೆವು.

ನಿಮ್ಮದು ಹೊಸ ಮನೆಯಾದ್ದರಿಂದ ಒಂದು ಮಾತನ್ನು ಒತ್ತಿ ಹೇಳಬೇಕು. ಕಾಂಪೌಂಡಿನ ಗೋಡೆಯ ಬುಡದಲ್ಲಿ ನಾನು ನೆಟ್ಟ ಎಂಟು ಗಿಡಗಳ ಎಳೆಯ ಎಲೆಗಳು ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿದವು. ರೋಗವೆಂದು ತಿಳಿದು ಔಷಧಿ ಹೊಡೆದು ಒಂದು ವರ್ಷ ಕಳೆದುಕೊಂಡೆ. ಅಗೆದು ನೋಡಿದಾಗ ಗೇಣುದ್ದ ಆಳದವರೆಗೂ ಗಾರೆಯ ಚೂರು, ಸಿಮೆಂಟಿನ ಹೆಂಟೆಗಳು. ಕೇಪಳಕ್ಕೆ ಹುಳಿ ಮಣ್ಣು ಬೇಕು. ಸುಣ್ಣದ ಅಂಶ ಹೆಚ್ಚಾದಲ್ಲಿ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ದಕ್ಕುವುದಿಲ್ಲ. ಆ ಕಸವನ್ನೆಲ್ಲ ತೆಗೆದು, ಚಿರೇಕಲ್ಲಿನ ಗುಡ್ಡದ ಮಣ್ಣನ್ನೂ ಕೊಟ್ಟಿಗೆ ಗೊಬ್ಬರವನ್ನೂ ತುಂಬಿದ ಮೇಲೆ ಹೊಸ ಚಿಗುರು ಹಸಿರಾಗಿಯೇ ಬಂತು.

ಬೇಲಿಯಂತೆ ತಿಂಗಳಿಗೊಮ್ಮೆ ಕತ್ತರಿಸುವ ಆಸೆಗೆ ಬೀಳಬೇಡಿ. ಹೂಗೊಂಚಲು ಬರುವುದು ಕೊಂಬೆಯ ತುದಿಯಲ್ಲಿ. ತುದಿ ಹೋದರೆ ಹೂವೂ ಇಲ್ಲ, ಹಣ್ಣೂ ಇಲ್ಲ. ಹಣ್ಣು ಮುಗಿದ ಮೇಲೆ, ವರ್ಷಕ್ಕೊಮ್ಮೆ ಒಂದೂವರೆ ಅಡಿಗೆ ಸವರಿದರೆ ಸಾಕು. ಬಿಸಿಲು ಚೆನ್ನಾಗಿ ಬೀಳುವ ಜಾಗವನ್ನೇ ಕೊಡಿ.

ಬಟಾಣಿ ಗಾತ್ರದ ಕಾಯಿ ಹಸಿರಿನಿಂದ ಕೆಂಪಾಗಿ, ಕೊನೆಗೆ ಕಪ್ಪಿಗೆ ತಿರುಗುತ್ತದೆ. ಕೆಂಪಗಿರುವಾಗ ಒಗರು, ಕಪ್ಪಾಗಿ, ಬೆರಳಿಗೆ ಮೆತ್ತಗೆ ಸಿಕ್ಕಾಗ ಸಿಹಿ. ಒಳಗಿನ ಬೀಜಗಳನ್ನು ಉಗಿಯಬೇಕು. ಬೆಳಿಗ್ಗೆ ಬೇಗ ಕಿತ್ತುಕೊಳ್ಳಿ, ತಡವಾದರೆ ಪಿಕಳಾರ ಹಕ್ಕಿಗಳು ಉಳಿಸುವುದಿಲ್ಲ.