ಬೋರ್ನಿಯೋ ಫೋಟೋದಲ್ಲಿ ಅಮೆರಿಕನ್ ರೈಫಲ್

ನಿಮ್ಮ ಫೋಟೋದ ‘ಬೋರ್ನಿಯೋ, 1965’ ಅನ್ನುವ ವಿವರ ತಪ್ಪಿರಲಿಕ್ಕಿಲ್ಲ. 1965ರ ಬ್ರಿಟಿಷ್ ಸೈನ್ಯದ ಗೂರ್ಖಾ ಸೈನಿಕನ ಕೈಯಲ್ಲಿ ಆ ಸೈನ್ಯದ ಮಾಮೂಲಿ ರೈಫಲ್ ಎಸ್‌ಎಲ್‌ಆರ್ ಇರಬೇಕಿತ್ತು, ಅಮೆರಿಕದ ಎಂ-16 ರೈಫಲ್ ಥರದ್ದು ಹೇಗೆ ಬಂತು ಅಂತ ಕೇಳಿದ್ದೀರಿ, ಅಲ್ವಾ? 1963ರಿಂದ 66ರವರೆಗೆ ಇಂಡೋನೇಷ್ಯಾ ವಿರುದ್ಧ ಬೋರ್ನಿಯೋ ಕಾಡಲ್ಲಿ ನಡೆದ ಹೋರಾಟದಲ್ಲಿ ಬಳಸೋಕೆ ಬ್ರಿಟನ್ ಅಮೆರಿಕದಿಂದ ಎಆರ್-15 ರೈಫಲ್ (ಎಂ-16 ಇದರದೇ ಸೈನಿಕ ರೂಪ) ಕೊಂಡಿತ್ತು. ಸೈನಿಕರ ಬಾಯಲ್ಲಿ ಅದು ಆರ್ಮಲೈಟ್. ಇಡೀ ಸೈನ್ಯಕ್ಕೇನೂ ಕೊಡಲಿಲ್ಲ.

ಮುಖ್ಯ ಕಾರಣ ತೂಕ. ಎಸ್‌ಎಲ್‌ಆರ್ ಖಾಲಿ ಇದ್ದಾಗಲೇ 4 ಕೆಜಿ ದಾಟುತ್ತದೆ, ಉದ್ದ ಸುಮಾರು 114 ಸೆಂ.ಮೀ. ಬಳ್ಳಿ, ಬಿದಿರಿನ ನಡುವೆ ನುಸುಳುವವನಿಗೆ, ಅದರಲ್ಲೂ ಕುಳ್ಳಗಿದ್ದವನಿಗೆ, ಅದೊಂದು ಕಾಟವೇ. ಎಆರ್-15 ಖಾಲಿ ಇದ್ದರೆ 3 ಕೆಜಿಯೊಳಗೆ. ಜನ ಜಾಸ್ತಿ ಗಮನಿಸದ ಲಾಭ ಇನ್ನೊಂದಿದೆ: ಎಆರ್-15ರ 5.56 ಮಿ.ಮೀ. ಗುಂಡು ಎಸ್‌ಎಲ್‌ಆರ್‌ನ 7.62 ಮಿ.ಮೀ. ಗುಂಡಿನ ಅರ್ಧದಷ್ಟೇ ತೂಗುತ್ತದೆ, ಹಾಗಾಗಿ ಅಷ್ಟೇ ಭಾರ ಹೊತ್ತು ಎರಡರಷ್ಟು ಗುಂಡು ಒಯ್ಯಬಹುದು, ದಿನಗಟ್ಟಲೆ ಗಸ್ತು ತಿರುಗುವವರಿಗೆ ಅದು ದೊಡ್ಡ ಮಾತು.

ಫೋಟೋ ಆ ಕಾಲದ್ದೇನಾ ಅಂತ ತಿಳಿಯೋಕೆ ಮೊದಲು ರೈಫಲ್ಲಿನ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ನೋಡಿ. ಗಿಡ್ಡಗೆ ನೇರವಾಗಿದ್ದರೆ 20 ಗುಂಡಿನದ್ದು, ಸರಿ. ಬಾಗಿದ 30ರದ್ದಾದರೆ ಫೋಟೋ ಆಮೇಲಿನದು. ನಂತರ ನಳಿಗೆಯ ತುದಿ ಜೂಮ್ ಮಾಡಿ. ಮೂರು ಕವಲು ತೆರೆದುಕೊಂಡಿದ್ದರೆ ಆ ಕಾಲಕ್ಕೆ ಹೊಂದುತ್ತದೆ (ಅವು ಗಿಡಕ್ಕೆ ಸಿಕ್ಕಿಕೊಳ್ಳುತ್ತಿದ್ದವು, ಮುಂದೆ ತುದಿ ಮುಚ್ಚಿದರು). ಇಷ್ಟಾದರೂ 1965 ಅಂತ ಖಚಿತವಾಗಲ್ಲ, ಹಳೇ ರೈಫಲನ್ನು ಎಷ್ಟೋ ವರ್ಷ ಬಳಸುತ್ತಾರೆ. ಕೊನೆಗೆ ಫೋಟೋದಲ್ಲಿ ತುಕಡಿಯ ಹೆಸರಿದ್ದರೆ, ಅದು ಬೋರ್ನಿಯೋದಲ್ಲಿದ್ದ ತಿಂಗಳುಗಳ ಜೊತೆ ಹೋಲಿಸಿ.