ವೃಷಣದ ಜೀನ್ ವೈ ಕ್ರೋಮೋಸೋಮ್‌ನಲ್ಲಿದೆ ಅಂತ ಹೇಗೆ ಗೊತ್ತಾಯಿತು?

ಪ್ರಶ್ನೆ: ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ. ನನಗೆ ಔಷಧಿ, ಹರಕೆ ಎಲ್ಲ ಆದ ಮೇಲೆ ಈಗ ಯಜಮಾನರ ಪರೀಕ್ಷೆಯಾಯಿತು. ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲವಂತೆ. ವೈ ಕ್ರೋಮೋಸೋಮ್ ನೋಡಲು ರಕ್ತ ಕೊಡಿ ಎಂದಿದ್ದಾರೆ. ವೃಷಣದ ತೊಂದರೆ ರಕ್ತದಲ್ಲಿ ಹೇಗೆ ಕಾಣುತ್ತದೆ?
– ಹೆಸರು ಬೇಡ, ದಾವಣಗೆರೆ

ಉತ್ತರ: ವೀರ್ಯ ಪರೀಕ್ಷೆ ಚಿಕಿತ್ಸೆ ಶುರುವಾದ ಮೊದಲ ತಿಂಗಳಲ್ಲೇ ಆಗಬೇಕಿತ್ತು, ತಂಗಿ. ಐದು ವರ್ಷ ನೀವೊಬ್ಬರೇ ಔಷಧಿ ನುಂಗಿದ್ದು ಓದಿ ಹೊಟ್ಟೆ ಉರಿಯಿತು.

ವೀರ್ಯಾಣು ತಯಾರಿಗೆ ಬೇಕಾದ ಕೆಲವು ಜೀನ್‌ಗಳು ಗಂಡಸರ ವೈ ಕ್ರೋಮೋಸೋಮಿನಲ್ಲಿವೆ. ಅವುಗಳ ಸುಳಿವು ಸಿಕ್ಕಿದ್ದೇ ನಿಮ್ಮ ಯಜಮಾನರಂಥ ಗಂಡಸರಿಂದ. 1976ರಲ್ಲಿ ಇಟಲಿಯ ಟಿಯೆಪೋಲೊ ಮತ್ತು ಝುಫಾರ್ಡಿ, ವೀರ್ಯಾಣು ಇಲ್ಲದ ಆರು ಗಂಡಸರಲ್ಲಿ ವೈನ ಉದ್ದ ತೋಳಿನ ತುದಿ ಇಲ್ಲದ್ದನ್ನು ಮೈಕ್ರೋಸ್ಕೋಪಿನಲ್ಲಿ ಕಂಡರು. 1995ರಲ್ಲಿ ಅಮೆರಿಕದ ಡೇವಿಡ್ ಪೇಜ್ ತಂಡ ವೀರ್ಯಾಣು ಇಲ್ಲದ 89 ಜನರನ್ನು ಪರೀಕ್ಷಿಸಿತು. 12 ಜನರಲ್ಲಿ ಒಂದೇ ಜಾಗದ ತುಂಡು ಕಾಣೆಯಾಗಿತ್ತು. ಅಲ್ಲಿ ಸಿಕ್ಕಿದ ಜೀನ್ ಡಿಎಝಡ್.

ನನಗೆ ಇವತ್ತಿಗೂ ತುಂಬಾ ಇಷ್ಟವಾಗುವುದು 1997ರಲ್ಲಿ ಪೇಜ್ ಮತ್ತು ಬ್ರೂಸ್ ಲಾನ್ ಮಾಡಿದ ಕೆಲಸ. ಡಿಎನ್‌ಎ ಮೈಯೆಲ್ಲಾ ಒಂದೇ, ಅಲ್ವಾ? ಆದರೆ ಕೆಲಸ ಮಾಡುವ ಜೀನ್ ಮಾತ್ರ ಆರ್‌ಎನ್‌ಎ ತಯಾರಿಸುತ್ತದೆ. ಅವರು ವೃಷಣದ ಆರ್‌ಎನ್‌ಎಯಿಂದ ಡಿಎನ್‌ಎ ನಕಲು ಮಾಡಿದರು. ಅದನ್ನು ವೈ ಕ್ರೋಮೋಸೋಮಿನ ತುಂಡುಗಳ ಜೊತೆ ಬಿಟ್ಟರು. ಜೋಡಿಯಾಗುವುದು ಅಂಟಿಕೊಂಡಿತು, ಮಿಕ್ಕದ್ದನ್ನು ತೊಳೆದುಬಿಟ್ಟರು. ಹಾಗೆ ಉಳಿದದ್ದರಲ್ಲಿ 12 ಹೊಸ ಜೀನ್ ಅಥವಾ ಜೀನ್ ಕುಟುಂಬಗಳು ಸಿಕ್ಕವು. ಬೇರೆ ಅಂಗಗಳಲ್ಲೂ ಹುಡುಕಿದಾಗ ಐದು ಎಲ್ಲೆಡೆ ಕೆಲಸ ಮಾಡುತ್ತಿದ್ದವು. ಏಳು ವೃಷಣದಲ್ಲಿ ಮಾತ್ರ!

ಇನ್ನು ರಕ್ತದ ವಿಷಯ. ಹುಟ್ಟಿನಿಂದಲೇ ಇಲ್ಲದ ತುಂಡು ಸಾಮಾನ್ಯವಾಗಿ ರಕ್ತದ ಕೋಶದಲ್ಲೂ ಇರುವುದಿಲ್ಲ. ನಾನು ಲ್ಯಾಬ್‌ನಲ್ಲಿದ್ದಾಗ ರಕ್ತದ ಡಿಎನ್‌ಎ ತುಂಡುಗಳನ್ನು ಜೆಲ್ ಎಂಬ ಮೆತ್ತನೆಯ ಹಾಳೆಯಲ್ಲಿ ಹರಿಸಿ, ಅದರ ಮೇಲೆ ಬೆಳಕು ಬಿಟ್ಟು ನೋಡುತ್ತಿದ್ದೆವು. ಇರುವ ತುಂಡು ಸಣ್ಣ ಗೆರೆಯಾಗಿ ಹೊಳೆಯುತ್ತದೆ. ವೈ ಇದೆ ಎಂದು ತೋರಿಸುವ ಎಸ್‌ಆರ್‌ವೈ ಜೀನಿನ ಗೆರೆ ಹೊಳೆದು, ಡಿಎಝಡ್ ಇರುವ ಜಾಗದ ಗುರುತುಗಳಾದ ಎಸ್‌ವೈ254 ಮತ್ತು ಎಸ್‌ವೈ255ರ ಜಾಗ ಕಪ್ಪಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಮತ್ತೆ ಮೊದಲಿಂದ ಪರೀಕ್ಷೆ ಮಾಡಿ, ಅದೇ ಬಂದರೆ ಮಾತ್ರ ವರದಿ ಬರೆಯುತ್ತಿದ್ದೆ.

ವರದಿಯಲ್ಲಿ ಏನೂ ಕಾಣೆಯಾಗಿಲ್ಲ ಎಂದಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ಎಝಡ್‌ಎಫ್‌ಸಿ (ವೈ ಮೇಲೆ ಡಿಎಝಡ್ ಇರುವ ಜಾಗ) ಮಾತ್ರ ಕಾಣೆ ಎಂದಿದ್ದರೆ ಆಸೆ ಬಿಡಬೇಡಿ. ಎಷ್ಟೋ ಜನರಿಗೆ ವೃಷಣದ ಒಳಗಿನಿಂದಲೇ ವೀರ್ಯಾಣು ಸಿಗುತ್ತದೆ. ಆದರೆ ಹುಟ್ಟುವ ಗಂಡು ಮಗುವಿಗೂ ಅದೇ ವೈ ಹೋಗುತ್ತದೆ, ಅದನ್ನು ವೈದ್ಯರ ಹತ್ತಿರ ಮೊದಲೇ ಮಾತಾಡಿ. ವೈ ಮೇಲಿನ ಇನ್ನೊಂದು ಜಾಗವಾದ ಎಝಡ್‌ಎಫ್‌ಎ ಪೂರ್ತಿ ಇಲ್ಲ ಎಂದಿದ್ದರೆ ವೃಷಣದಲ್ಲೂ ವೀರ್ಯಾಣು ಸಿಗುವ ಆಸೆ ಇಲ್ಲವೆಂದೇ ಹೇಳಬೇಕು, ಸುಮ್ನೆ ಅದನ್ನು ಹುಡುಕುವ ಆಪರೇಷನ್ನಿಗೆ ಒಪ್ಪಬೇಡಿ.